ಕ್ಯಾಪ್ಟನ್ ಮುಕುಂದಯ್ಯನವರ ಬುಟ್ಟಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ವಿಮಾನದ ಕಥೆಯನ್ನು ಆಕಾಶದಿಂದ ಶುರು ಮಾಡುವುದು ವಾಡಿಕೆ. ನಾನೂ ಹಾಗೇ ಮಾಡಿದ್ದೆ: ‘ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಹಾರುತ್ತಿದ್ದ ವಿಮಾನದ ಎಡ ಇಂಜಿನ್ನಿಗೆ ಬೆಂಕಿ ಹತ್ತಿಕೊಂಡಾಗ ಕ್ಯಾಪ್ಟನ್ ಮುಕುಂದಯ್ಯ ಮುಗುಳ್ನಕ್ಕರು.’ ವಾಕ್ಯ ಚೆನ್ನಾಗಿದೆ ಅಲ್ಲವೇ? ತೊಂದರೆ ಏನೆಂದರೆ, ಇದರಲ್ಲಿ ಲಿಂಗನಮಕ್ಕಿ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಕ್ಯಾಪ್ಟನ್ ಡ್ಯೂಟಿಯಲ್ಲಿ ಮುಗುಳ್ನಗುವ ಪೈಕಿಯವರೂ ಅಲ್ಲವಂತೆ.

‘ಅಂತೆ’ ಎನ್ನುವುದು ಯಾಕೆಂದರೆ ನಾನು ಅವರನ್ನು ನೋಡಿದವಳಲ್ಲ. ಹೊಸನಗರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಆಯುಷ್ಯವೆಲ್ಲ ವಿಮಾನ ಹಾರಿಸಿ, ರಿಟೈರ್ ಆದ ಮೇಲೆ ತೀರ್ಥಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದವರು ಹೋದ ತಿಂಗಳು ತೀರಿಕೊಂಡರು. ಅವರ ತಮ್ಮನ ಮಗ ಪೂರ್ಣೇಶ್ ನನ್ನನ್ನು ಹುಡುಕಿಕೊಂಡು ಸಾಗರಕ್ಕೆ ಬಂದ. “ಮೇಡಂ, ನುಡಿನಮನಕ್ಕೆ ದೊಡ್ಡಪ್ಪನ ಮೇಲೆ ಒಂದು ಕಥೆ ಬರ್ಕೊಡಿ. ಸ್ಟೇಜ್ ಮೇಲೆ ಓದ್ಬೇಕು. ಸ್ವಲ್ಪ ಆಕ್ಷನ್ ಇರ್ಲಿ” ಅಂದ.

ಹಾಕಿದೆ ಆಕ್ಷನ್. (ನನ್ನ ಕಥೆಗಳ ಪಾತ್ರಗಳು ಇಷ್ಟು ವರ್ಷ ಕಿಟಕಿಯ ಪಕ್ಕ ಕೂತು ಯೋಚಿಸಿದ್ದು ಬಿಟ್ಟರೆ ಬೇರೇನೂ ಮಾಡಿದ್ದಿಲ್ಲ. ಬೆಂಕಿ ಸಿಕ್ಕಿದ ಕೂಡಲೇ ನನಗೆ ಹುಮ್ಮಸ್ಸು ಬಂದುಬಿಟ್ಟಿತು.)

೨

ಕ್ಯಾಪ್ಟನ್ನರ ಹೆಂಡತಿ ವರದಮ್ಮ ಡ್ರಾಫ್ಟ್ ಒಂದನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟರು.

“ಎಂತ ಬೆಂಕಿ ಮಾರಾಯ್ತಿ? ಅವ್ರ ವಿಮಾನಕ್ಕೆ ಒಂದು ಬೀಡಿ ಕಿಡೀನೂ ತಾಗಿಲ್ಲ.”

“ಕಥೆ ಅಂದ ಮೇಲೆ ಏನಾದರೂ ಆಗಬೇಕಲ್ಲಮ್ಮ.”

“ಏನೂ ಆಗ್ದಂಗೆ ನೋಡ್ಕಳದೇ ಅವ್ರ ಕೆಲ್ಸ ಆಗಿತ್ತು.”

ಪೂರ್ಣೇಶನಿಗೆ ಈ ಬೆಂಕಿ ಯಾಕೆ ಬೇಕಾಗಿದೆ ಎಂಬುದು ವರದಮ್ಮನಿಗೆ ಗೊತ್ತಿತ್ತು. ಒಂದು ಮಳೆಗಾಲ ಮುಕುಂದಯ್ಯನವರು ಮುಂಬಯಿಯಿಂದ ಮಂಗಳೂರಿಗೆ ವಿಮಾನ ತಂದಿದ್ದರು. ಅದರಲ್ಲಿ ಮುಂಬಯಿಯಲ್ಲಿದ್ದ ಘಟ್ಟದ ಮೇಲಿನ ನಮ್ಮವರದೇ ಒಂದು ಮದುವೆ ದಿಬ್ಬಣವೂ ಇತ್ತು, ಮದುಮಗಳು ಮಾತ್ರ ಮೊದಲೇ ಮಂಗಳೂರು ಸೇರಿದ್ದಳು. ಕೆಳಗಿಳಿದರೆ ಮೋಡ, ರನ್‌ವೇ ಕಾಣಲಿಲ್ಲ. ಮೇಲೆ ಹೋಗಿ ಸುತ್ತು ಹಾಕಿ ಬಂದರು, ಆಗಲೂ ಕಾಣಲಿಲ್ಲ. ವಿಮಾನವನ್ನು ನೇರ ಬೆಂಗಳೂರಿಗೆ ಒಯ್ದರು. ದಿಬ್ಬಣದವರಿಗೆ ಧಾರೆ ನೋಡುವುದು ತಪ್ಪಿತು. ಸುದ್ದಿ ವಿಮಾನಕ್ಕಿಂತ ಮೊದಲು ಊರು ಮುಟ್ಟಿತು, ಅಂದಿನಿಂದ ಅವರ ಹೆಸರು ‘ವಾಪಸ್ ಮುಕುಂದಯ್ಯ’ ಎಂದಾಯಿತು. ಮದುವೆ ಮನೆಗಳಲ್ಲಿ ಯಾರಾದರೂ, “ಕ್ಯಾಪ್ಟನ್ನರೇ, ಊಟಕ್ಕೆ ಕೂರ್ತೀರಾ, ವಾಪಸ್ ಹೋಗ್ತೀರಾ?” ಎನ್ನುವರು. ಅವರು ನಕ್ಕು ಬಾಳೆಲೆಗೆ ನೀರು ಚಿಮುಕಿಸುತ್ತಿದ್ದರು. ಪಕ್ಕದಲ್ಲಿದ್ದ ವರದಮ್ಮ ಮಾತ್ರ ಪಾಯಸಕ್ಕೆ ಮೊದಲೇ ಎಲೆ ಮಡಚುತ್ತಿದ್ದರು. ಹೆದರಿ ಓಡಿ ಬಂದವನೆಂಬ ಹೆಸರು ಗಂಡನ ಜೊತೆಗೇ ಸುಟ್ಟುಹೋಗಲಿಲ್ಲವಲ್ಲ ಎಂಬ ಉರಿ ಅವರಿಗೆ ಈಗಲೂ ಇತ್ತು. ಪೂರ್ಣೇಶ್ ಆಕ್ಷನ್ ಕೇಳಿದ್ದೂ ಆ ಹೆಸರು ಅಳಿಸಲೆಂದೇ.

೩

ಡ್ರಾಫ್ಟ್ ಎರಡು. ಬೆಂಕಿ ತೆಗೆದೆ. ಮಂಗಳೂರು, ಮಳೆ, ಮಿಂಚು. ಕ್ಯಾಪ್ಟನ್ ಹಲ್ಲು ಕಚ್ಚಿ ಮೋಡ ಸೀಳಿ ವಿಮಾನ ಇಳಿಸುತ್ತಾರೆ. ದಿಬ್ಬಣ ಚಪ್ಪಾಳೆ ತಟ್ಟುತ್ತದೆ.

(ಅಷ್ಟರಲ್ಲಿ ಕ್ಯಾಪ್ಟನ್ನೇ ಬಂದು ನನ್ನ ಟೇಬಲ್ ಪಕ್ಕ ನಿಂತರು. ತೀರಿಕೊಂಡವರು ಕಥೆಯೊಳಗೆ ಬರಬಹುದು, ಬೋರ್ಡಿಂಗ್ ಪಾಸ್ ಬೇಡ.

“ರನ್‌ವೇ ಕಾಣ್ತಿತ್ತಾ?” ಅಂದರು.

“ಇಲ್ಲ ಸರ್. ಆದರೂ ನೀವು ಧೈರ್ಯದಿಂದ...”

“ಕಾಣ್ದೇ ಇದ್ರೆ ಎಂತಕ್ಕೆ ಇಳಿಸ್ತೀ?”

“ಓದುಗರಿಗೋಸ್ಕರ.”

“ಓದುಗ್ರು ಹಿಂದಿನ ಸೀಟಲ್ಲಿ ಬೆಲ್ಟ್ ಕಟ್ಕಂಡು ಕೂತಿದಾರಾ?”

ನಾನು ಡ್ರಾಫ್ಟ್ ಎರಡನ್ನೂ ಹರಿದು ಹಾಕಿದೆ.)

೪

ಮತ್ತೆ ತೀರ್ಥಹಳ್ಳಿಗೆ ಹೋದೆ. ವರದಮ್ಮ ಒಳಗಿನಿಂದ ಒಂದು ಭರಣಿ ತಂದು ನನ್ನ ಮುಂದಿಟ್ಟರು. ಅಪ್ಪೆಮಿಡಿ ಉಪ್ಪಿನಕಾಯಿ.

ನಾನು ಕೈ ಮುಗಿದೆ. “ಅಮ್ಮಾ, ಇದೊಂದು ಬೇಡ. ನಾನು ಆಧುನಿಕೋತ್ತರ ಲೇಖಕಿ. ಕಥೆಗೆ ಮಿಡಿ ಉಪ್ಪಿನಕಾಯಿ ಬಂದರೆ ವಿಮರ್ಶಕರು ನನ್ನನ್ನೇ ಭರಣಿಗೆ ಹಾಕುತ್ತಾರೆ.”

“ಹಾಕ್ಲಿ. ನೀನೂ ಸ್ವಲ್ಪ ಕಳೀಬೇಕು” ಅಂದರು ವರದಮ್ಮ. ಆಮೇಲೆ ಹೇಳತೊಡಗಿದರು.

ಮುಕುಂದಯ್ಯನವರು ಪ್ರಾಯದಲ್ಲಿ ಹೊಳೆದಂಡೆಯ ಮಾವಿನ ಮರ ಹತ್ತಿ ಮಿಡಿ ಕೊಯ್ಯುತ್ತಿದ್ದರು. ಮಿಡಿ ಉದುರಿಸುವ ಹಾಗಿಲ್ಲ. ತೊಟ್ಟು ಸಮೇತ ಕಿತ್ತು, ಬುಟ್ಟಿಗೆ ಹಾಕಿ, ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ತಿಂದ ಮಿಡಿ ಒಂದು ಸೇರಿದರೂ ಇಡೀ ಭರಣಿ ಕೆಡುತ್ತದೆ. ಮರದ ಬುಡದಲ್ಲಿ ನಿಂತ ಅವರ ತಾಯಿ ಕೂಗಿ ಹೇಳುತ್ತಿದ್ದರಂತೆ: “ಮುಕುಂದಾ, ನೆಲ ಮುಟ್ಟಿದ್ದು ಮಿಡಿಗೆ ಗೊತ್ತಾಗ್ಬಾರ್ದು. ಗಾಳಿಗೆ ಬುಟ್ಟಿ ತೂಗಾಡಿದ್ರೆ ಇಳಿಸ್ಬೇಡ, ಮೇಲೆ ಎಳ್ಕೊ. ಗಾಳಿ ನಿಂತ ಮೇಲೆ ನೋಡಾಣ.”

“ಅವತ್ತು ಬೆಂಗ್ಳೂರಲ್ಲಿ ಇಳಿಸಿ ಫೋನ್ ಮಾಡಿದ್ರು” ಅಂದರು ವರದಮ್ಮ. “ಜನ ಕೌಂಟರ್ ಹತ್ರ ಬೈಯದು ಫೋನಲ್ಲಿ ನಂಗೂ ಕೇಳ್ತಿತ್ತು. ಇವ್ರು ಅಂದಿದ್ದು ಇಷ್ಟೇ. ‘ವರದಾ, ಬುಟ್ಟಿ ತೂಗಾಡ್ತಿತ್ತು. ಮೇಲೆ ಎಳ್ಕಂಡೆ.’”

ವರದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಆ ವಾಪಸ್ ಬಂದಿದ್ದನ್ನೇ ಬರಿ. ನಾಚಿಕೆ ಪಡೋ ಕೆಲ್ಸ ಅಲ್ಲ ಅದು. ನಿಂಗೆ ಆಗ್ದಿದ್ರೆ ಹೇಳು, ನಾನೇ ಮೈಕ್ ಹಿಡೀತೀನಿ.”

೫

ಹೊಸನಗರದ ಸಮುದಾಯ ಭವನ. ಸಾಗರ, ತೀರ್ಥಹಳ್ಳಿ ಕಡೆಯಿಂದಲೂ ಜನ ಬಂದಿದ್ದರು. ನಾನು ಡ್ರಾಫ್ಟ್ ಮೂರನ್ನು ಓದಿದೆ. ಬೆಂಕಿ ಇಲ್ಲ, ಮಿಂಚು ಇಲ್ಲ, ಒಬ್ಬ ಮನುಷ್ಯ ವಿಮಾನವನ್ನು ವಾಪಸ್ ತಿರುಗಿಸುತ್ತಾನೆ. ಅಷ್ಟೇ. ಪೂರ್ಣೇಶ್ ತಲೆ ಮೇಲೆ ಕೈ ಹೊತ್ತು ಕೂತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆ ಕಿಸಕ್ ವರದಮ್ಮನಿಗೆ ಕೇಳಿಸಿತು. ಎದ್ದು ಸ್ಟೇಜ್ ಹತ್ತಿದರು, ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

“ಹೌದು, ವಾಪಸ್ ಬಂದ್ರು. ಆವತ್ತು ಅದೇ ವಿಮಾನದಲ್ಲಿ ಇದ್ದೋರು ಯಾರಾದ್ರೂ ಇಲ್ಲಿದ್ರೆ ಎದ್ದು ನಿಲ್ಲಿ.”

(ಇಲ್ಲಿ ಸ್ವಲ್ಪ ನಿಲ್ಲೋಣ. ಯಾರೂ ಏಳುವುದಿಲ್ಲ, ಫ್ಯಾನ್ ತಿರುಗುತ್ತಿರುತ್ತದೆ, ವರದಮ್ಮ ಮೈಕ್ ಇಟ್ಟು ಕೆಳಗಿಳಿಯುತ್ತಾರೆ. ಈ ಅಂತ್ಯ ಬರೆದಿದ್ದೆ. ಇಂಥ ಅಂತ್ಯಗಳಿಗೆ ಬಹುಮಾನ ಬರುತ್ತದೆ. ಆದರೆ ಅದನ್ನು ವರದಮ್ಮನಿಗೆ ಓದಿ ಹೇಳುವ ಎಂಟೆದೆ ನನಗಿಲ್ಲ. ಅದೂ ಅಲ್ಲದೆ ಮಂಡಗದ್ದೆಯ ಸುಬ್ಬಪ್ಪ ನನ್ನ ಅಪ್ಪಣೆಗೆ ಕಾಯಲೇ ಇಲ್ಲ.)

ಎದ್ದರು. ಆ ಮದುವೆಯ ಮದುಮಗಳ ಸೋದರಮಾವ, ಕೋಲೂರಿಕೊಂಡು.

“ವಾಪಸ್ ಮುಕುಂದಯ್ಯ ಅಂತ ಹೆಸ್ರಿಟ್ಟಿದ್ದು ನಾನೇ” ಅಂದರು. “ಧಾರೆ ತಪ್ತು ಅಂತ ಬಾಯಿಗೆ ಬಂದಂಗೆ ಬೈದಿದ್ದೆ. ಆದ್ರೆ ಮಾರನೇ ದಿನ ಬೀಗರೂಟ ಗಡದ್ದಾಗಿ ಉಂಡೆ. ಉಣ್ಣಕ್ಕೆ ನಾನಿದ್ದೆ ಅಲ್ವಾ? ಇಷ್ಟು ವರ್ಷ ಅದು ತಲೆಗೇ ಹೋಗ್ಲಿಲ್ಲ ನೋಡಿ.”

ಸುಬ್ಬಪ್ಪನ ಹೆಂಡತಿ ಜಲಜಮ್ಮ ಗಂಡನ ತೋಳು ಹಿಡಿದು ಎದ್ದು ನಿಂತರು. “ನಾನು ಇಡೀ ದಾರಿ ನಿದ್ದೆ ಹೊಡ್ದಿದ್ದೆ. ಅವ್ರು ವಾಪಸ್ ತಿರುಗ್ಸಿದ್ದೂ ಗೊತ್ತಿಲ್ಲ, ಇಳಿಸಿದ್ದೂ ಗೊತ್ತಿಲ್ಲ. ಬೆಂಗ್ಳೂರಲ್ಲಿ ಇಳ್ದು, ಮಂಗ್ಳೂರು ಎಷ್ಟು ತಂಪಾಗಿದೆ ಅಂದಿದ್ದೆ!”

ಭವನ ಬಿದ್ದು ಬಿದ್ದು ನಕ್ಕಿತು. ನಗುವಿನ ನಡುವೆಯೇ ಇನ್ನೊಂದು ಮೂಲೆಯಿಂದ, “ನಾನೂ ಮಲ್ಗಿದ್ದೆ, ದೆಹಲಿ ಫ್ಲೈಟು!” ಎಂಬ ಕೂಗು ಬಂತು. ಮತ್ತೊಬ್ಬರು ಎದ್ದರು: “ನಮ್ಮ ಮಗು ಮಲ್ಗಿತ್ತು, ಎಬ್ಬಿಸಕ್ಕೇ ಆಗ್ಲಿಲ್ಲ!” ಅವರ ವಿಮಾನದಲ್ಲಿ ನಿದ್ದೆ ಮಾಡಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ನಿದ್ದೆ ಮಾಡಿದ್ದನ್ನು ಜನ ಇಷ್ಟು ಜಂಬದಿಂದ ಹೇಳಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಸುಬ್ಬಪ್ಪ ಕೋಲು ಮೇಲೆತ್ತಿ ಕೂಗಿದರು: “ವಾಪಸ್ ಮುಕುಂದಯ್ಯನೋರಿಗೆ...”

“ಜೈ!” ಅಂದಿತು ಭವನ. ಎಲ್ಲರಿಗಿಂತ ಜೋರಾಗಿ ಕೂಗಿದವನು ಪೂರ್ಣೇಶ್.

ಆ ಹೆಸರು ಕೇಳಿ ವರದಮ್ಮ ಜೀವಮಾನದಲ್ಲಿ ಮೊದಲ ಸಲ ನಕ್ಕರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗೆದ್ದರು. ಇದಕ್ಕಿಂತ ನಾಜೂಕಾದ ಮಾತು ನನ್ನ ಹತ್ತಿರ ಇಲ್ಲ, ಹುಡುಕುವುದೂ ಇಲ್ಲ.

೬

“ಸೂಪರ್ ಎಂಡಿಂಗ್ ಮೇಡಂ, ಇಲ್ಲಿಗೇ ಮುಗಿಸ್ಬಿಡಿ” ಅಂದ ಪೂರ್ಣೇಶ್.

ಇಷ್ಟು ಒಳ್ಳೆಯ ಅಂತ್ಯ ಸಿಕ್ಕಿದರೆ ನನಗೆ ಅನುಮಾನ ಬರುತ್ತದೆ. ಭರಣಿಯಿಂದ ಶುರು ಮಾಡಿ ಭರಣಿಯಲ್ಲಿ ಮುಗಿಸಲೇ? ಅಥವಾ ತುಂಗಾ ತೀರದಲ್ಲಿ ನಿಂತ ವರದಮ್ಮನ ತಲೆಯ ಮೇಲೆ ಒಂದು ವಿಮಾನ ಹಾಯಿಸಲೇ? (ಹಾಯಿಸಿ ನೋಡಿದೆ. “ಕುತ್ತಿಗೆ ನೋಯ್ತದೆ, ತೆಗಿ ಅದನ್ನ” ಅಂದರು.)

“ನಿಂಗೆ ಎಂತಕ್ಕೆ ಇಷ್ಟು ಅರ್ಜೆಂಟು?” ಅಂದರು ವರದಮ್ಮ. “ಇಳಿಸಕ್ಕಾದ್ರೆ ಇಳಿಸು, ಆಗ್ದಿದ್ರೆ ಬಿಡು.”

ಹಾಗಾಗಿ ಓದುಗರೇ, ಹಗ್ಗ ಈಗ ನನ್ನ ಕೈಯಲ್ಲಿದೆ. ಬುಟ್ಟಿಯಲ್ಲಿ ನೀವಿದ್ದೀರಿ. ನೆಲ ಹತ್ತಿರದಲ್ಲೇ ಕಾಣುತ್ತಿದೆ, ಆದರೆ ಗಾಳಿ ಎದ್ದಿದೆ, ಬುಟ್ಟಿ ತೂಗಾಡುತ್ತಿದೆ. ಇಳಿಸುವುದಿಲ್ಲ. ಮೇಲಕ್ಕೆ ಎಳೆದುಕೊಳ್ಳುತ್ತಿದ್ದೇನೆ, ಇನ್ನೊಂದು ಸುತ್ತು ಹಾಕಿ ನೋಡೋಣ. ಬೆಲ್ಟ್ ಬಿಚ್ಚಬೇಡಿ. ನಿದ್ದೆ ಬಂದರೆ ಮಲಗಿ.