ನಾ ಕಾಣೆ

"ಕೈ ಆಡ್ಸ್ರೇ ಲೌಡೇರಾ! ಕೂಸಿಗೆ ಎಣ್ಣೆ ನೀವ್ದಂಗೆ ಒಂದೊಂದೇ ಆಯ್ತಾ ಕುಂತವ್ರೆ, ಮುಂಡೇವು!"

ಲೋಕೇಶ ತನ್ನ ರೇಷ್ಮೆಹುಳದ ಮನೆಯ ಬಾಗಿಲಲ್ಲಿ ನಿಂತು ಅರಚಿದ. ಕಾರ್ತಿಕದ ಬೆಳಗು. ಹೊಂಗನೂರಿನ ಆಚೆಗಿನ ಹಿಪ್ಪುನೇರಳೆ ತೋಟಗಳ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ. ಒಳಗೆ ಹುಳ ಹಣ್ಣಾಗಿತ್ತು. ಸೊಪ್ಪು ಮುಟ್ಟದೆ, ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗಾಳಿಯಲ್ಲಿ ಆಸರೆ ತಡಕುತ್ತಿತ್ತು. ಇಂಥ ಹುಳವನ್ನು ಆಯ್ದು ಬಿದಿರಿನ ಚಂದ್ರಂಕಿಗೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ಹೊತ್ತು ಮೀರಿದರೆ ತಟ್ಟೆಯಲ್ಲೇ, ತನ್ನ ಹಿಕ್ಕೆಯ ಮೇಲೇ ನೂಲು ಬಿಟ್ಟುಕೊಳ್ಳುತ್ತದೆ. ಆ ಗೂಡನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ.

ಕಾಲೋನಿಯ ಹೆಂಗಸರು ಸಾಲಾಗಿ ಕೂತು ಆಯುತ್ತಿದ್ದರು. ಮಾರಕ್ಕನ ಬೆರಳು ತಾವಾಗಿಯೇ ಓಡುತ್ತಿದ್ದವು. ಜೀವ ಮಾತ್ರ ಸೊಂಟಕ್ಕೆ ಸಿಕ್ಕಿಸಿದ್ದ ಕೀಪ್ಯಾಡ್ ಫೋನಿನಲ್ಲಿತ್ತು.

ಯುಗಾದಿ ಕಳೆದ ಮೇಲೆ ಲೋಕೇಶ ಅವಳ ಮಗಳು ಲತಾಮಣಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಒಯ್ದಿದ್ದ. ಆಗಷ್ಟೇ ಏಳನೇ ಕ್ಲಾಸು ಮುಗಿಸಿದ್ದ ಹುಡುಗಿ. "ನಮ್ ನಂಟ್ರ ಮನೆ ಕಣಮ್ಮಿ. ಕೂಸಾಡಿಸ್ಕೊಂಡಿರ್ಲಿ, ಅಲ್ಲೇ ಇಸ್ಕೂಲ್ಗೂ ಹಾಕ್ತಾರೆ" ಅಂದಿದ್ದ. ಭಾನುವಾರಕ್ಕೊಮ್ಮೆ ಅವನ ಫೋನಿನಲ್ಲೇ ಹುಡುಗಿ 'ಅವ್ವಾ' ಅನ್ನುತ್ತಿದ್ದಳು. ಮಾಳಿಗೆ ಮೇಲಿನ ಮನೆ, ಕಿಟಕಿಯಲ್ಲಿ ರೈಲು ಕಾಣ್ತದೆ ಅನ್ನುತ್ತಿದ್ದಳು. ದೀಪಾವಳಿಗೆ ಬರಲಿಲ್ಲ. ಆಮೇಲೆ ದನಿಯೂ ಬರಲಿಲ್ಲ.

ಕೇಳಿದ್ದಕ್ಕೆ ಲೋಕೇಶ, "ಯಾವನ್ ಜೊತೆಗೋ ಓಡೋದ್ಲಂತೆ. ನಿನ್ ತಳಿ ಅಲ್ವ?" ಅಂದ.

"ಆ ಮನೆ ಎಲ್ಲದೆ ಬುದ್ಧಿ? ಒಂದಪ ನೋಡ್ಕ ಬತ್ತೀನಿ."

"ನಿನ್ ಮಕಕ್ಕೆ ಆ ಗೇಟ್ ತೆಗ್ದಾರಾ? ಹೋಗ್, ಸೊಪ್ಪು ಹಾಕೋಗು."

ಠಾಣೆಗೂ ಹೋಗಿದ್ದಳು. ಅಲ್ಲಿ, ಕಳೆದದ್ದು ಯಾವ ಜಾಗವೋ ಆ ಜಾಗದ ಠಾಣೆಗೆ ಹೋಗು ಅಂದರು. ಕೊನೆಗೆ ನೆನ್ನೆ, ಇಸ್ಕೂಲಿನ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಯ ನಂಬರನ್ನು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಒತ್ತಿ ಕೊಟ್ಟಿದ್ದಳು.

"ಮಗು ಎಲ್ಲಿಂದ ಕಾಣೆಯಾಗಿದೆ ಅಮ್ಮಾ?" ಅಂದಿತ್ತು ಅತ್ತಲಿನ ಹುಡುಗಿಯ ದನಿ.

"ಕಾಣೆ ಕಣವ್ವ."

"ಕಾಣೆಯಾಗಿರೋದು ಗೊತ್ತಾಯ್ತು. ಎಲ್ಲಿಂದ?"

"ಅದ್ನೇ ಯೋಳ್ತಿವ್ನಿ, ನಾ ಕಾಣೆ."

"ನೀವಲ್ಲಮ್ಮಾ, ಮಗು!"

ಚಿಕ್ಕಲಕ್ಷ್ಮಮ್ಮ ಫೋನು ಕಿತ್ತುಕೊಂಡಳು. "ಕಾಣೆ ಅಂದ್ರೆ ನಮ್ ಕಡೆ ಗೊತ್ತಿಲ್ಲ ಅಂತ ಕಣ್ ತಾಯಿ. ಮಗೀನೂ ಕಾಣೆ, ಎಲ್ಲದೆ ಅಂತ ಇವ್ಳೂ ಕಾಣ್ಳು."

ಆಮೇಲೆ ಆ ಹುಡುಗಿ ಎಲ್ಲವನ್ನೂ ನಿಧಾನವಾಗಿ ಕೇಳಿ ಬರೆದುಕೊಂಡಳು. "ದೂರು ಮುಂದಕ್ಕೆ ಕಳಿಸ್ತೀನಿ. ಆದ್ರೆ ಅಷ್ಟು ದೊಡ್ಡ ಬೆಂಗಳೂರಲ್ಲಿ ಯಾವ ಬಾಗಿಲು ತಟ್ಟೋದಮ್ಮಾ? ಕರ್ಕೊಂಡು ಹೋದೋರನ್ನ ಲೈನಿಗೆ ಕೊಡ್ಸಿ. ಬೆಳಗ್ಗೆ ನಾನೇ ಇರ್ತೀನಿ."

ಈಗ ಲೋಕೇಶನ ಹೆಂಡತಿ ಕಾಫಿ ತಂದಳು. ಹೆಂಗಸರು ಪೇಪರ್ ಲೋಟ ಹಿಡಿದರು. ಅವಳು ಕೈ ತಾಗದಂತೆ ಮೇಲಿಂದ ಹೊಯ್ದು ಹೋದಳು. ಮಾರಕ್ಕ ಕಾಫಿ ಕುಡಿಯಲಿಲ್ಲ. ಲೋಟ ಕೆಳಗಿಟ್ಟು, ನೆನ್ನೆಯ ನಂಬರನ್ನೇ ಮತ್ತೆ ಒತ್ತಿ, ಅದೇ ದನಿ ಬಂದ ಮೇಲೆ ಸ್ಪೀಕರ್ ಹಾಕಿದಳು. ಎರಡೂ ಕೈ ಮಡಿಲಿಗೆ ಎಳೆದುಕೊಂಡಳು. ಅದನ್ನು ನೋಡಿ ಚಿಕ್ಕಲಕ್ಷ್ಮಮ್ಮನೂ ಎಳೆದುಕೊಂಡಳು. ಸಾಲಿನುದ್ದಕ್ಕೂ ಒಂದೊಂದೇ ಕೈ ತಟ್ಟೆ ಬಿಟ್ಟಿತು.

"ಏನ್ರೇ ಇದು ನಾಟ್ಕ?"

"ಈ ಫೋನಲ್ಲಿ ಒಬ್ಬವ್ವ ಅವ್ಳೆ ಬುದ್ಧಿ. ಕೂಸ್ನ ಯಾವ್ ಮನೇಲಿ ಬುಟ್ರಿ ಅಂತ ಯೋಳಿ. ಆಮೇಕೆ ಹುಳ."

"ನಮ್ಮನೆ ಅನ್ನ ತಿಂದ್ ಬೆಳ್ದವ್ಳು ನೀನು! ಆ ರುಣ ಎಲ್ಲೋಯ್ತೇ?"

"ಆ ರುಣಕ್ಕೆ ಕೂಸ್ನೇ ಕೊಟ್ಟಿವ್ನಿ. ಇನ್ನ ಬಾಕಿ ನಿಮ್ದು."

"ಬ್ಯಾರೆ ಆಳ್ ತರುಸ್ತೀನಿ. ಏಳ್ರೇ ಮ್ಯಾಕೆ!"

"ತರ್ಸಿ ಬುದ್ಧಿ," ಅಂದಳು ಚಿಕ್ಕಲಕ್ಷ್ಮಮ್ಮ. "ಹಾರೋಹಳ್ಳಿ ಫ್ಯಾಕ್ಟ್ರಿ ಬಸ್ಸು ಹೊತ್ತಾರೆನೇ ಎಲ್ರುನೂ ತುಂಬ್ಕೊಂಡೋಯ್ತು. ಇಲ್ದಿದ್ರೆ ಹುಳಕ್ಕೇ ಯೋಳಿ, ನೀವೇ ನಡ್ಕೊಂಡೋಗಿ ಚಂದ್ರಂಕಿ ಹತ್ಕೊಳಿ ಅಂತ."

ಯಾರೋ ಕಿಸಕ್ಕೆಂದರು. ಲೋಕೇಶ ಕೈಯೆತ್ತಿದ. ಎತ್ತಿದ ಕೈಯ ಕೆಳಗೆ ತಟ್ಟೆ ತುಂಬ ಹುಳ ತಲೆ ತೂಗುತ್ತಿತ್ತು. ಕೈ ಇಳಿಸಿದ. ಫೋನಿನತ್ತ ಬಗ್ಗಿ, ಪೇಟೆಯ ಮಾತು ತಂದುಕೊಂಡ.

"ನೋಡಿ ಮೇಡಂ, ಇವ್ರು ಓದಿದವರಲ್ಲ, ಸುಮ್ನೆ ಗಲಾಟೆ ಮಾಡ್ತಾರೆ."

"ಲತಾಮಣಿಯನ್ನ ಕರ್ಕೊಂಡು ಹೋದವರು ನೀವೇನಾ ಸರ್?"

"ಕಾರಲ್ಲಿ ಬಿಟ್ಟೆ ಅಷ್ಟೆ."

"ಈಗ ಎಲ್ಲಿದ್ದಾಳೆ?"

"ನಾ ಕಾಣೆ."

ಊರ ಮಾತು ಬಾಯಿ ಜಾರಿತ್ತು. ಫೋನಿನಲ್ಲಿ ಟಕಟಕ ಅನ್ನುತ್ತಿದ್ದ ಕೀಲಿಮಣೆಯ ಸದ್ದು ನಿಂತಿತು.

"ಗೊತ್ತಿಲ್ಲ ಅಂತನಾ ಸರ್, ಕಾಣೆಯಾಗಿದ್ದಾಳೆ ಅಂತನಾ? ನೀವು ಹೇಳಿದ ಹಾಗೇ ಬರ್ಕೊಳ್ತೀನಿ. ನಿಮ್ಮ ಮಾತು ರೆಕಾರ್ಡ್ ಆಗ್ತಿದೆ."

ಲೋಕೇಶ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿದ.

"ಎರಡೂ ಬರ್ಕೊಳವ್ವ," ಅಂದಳು ಮಾರಕ್ಕ.

ಬಾಗಿಲ ಬಳಿಯ ತಟ್ಟೆಯಲ್ಲಿ ಹುಳವೊಂದು ಮೊದಲ ಎಳೆ ಎಸೆಯಿತು. ಲೋಕೇಶ ಅದನ್ನು ಕಂಡ. ಅವನು ಕಂಡದ್ದನ್ನು ಮಾರಕ್ಕ ಕಂಡಳು. ಅವನ ಅಪ್ಪನನ್ನು ಬುದ್ಧಿ ಅಂದ ಬಾಯಿ, ಇವನು ಚಡ್ಡಿಯಲ್ಲಿ ಓಡಾಡುತ್ತಿದ್ದಾಗಿನಿಂದಲೂ ಇವನನ್ನು ಬುದ್ಧಿ ಅನ್ನುತ್ತಲೇ ಬಂದಿತ್ತು.

"ಯೋಳು ಲೋಕೇಶ."

ಹೆಂಗಸರು ತಲೆಯೆತ್ತಿ ನೋಡಿದರು. ಅವನ ಮುಖ ಕಪ್ಪಿಟ್ಟಿತು. ಎಳೆ ಎರಡಾಯಿತು, ನಾಲ್ಕಾಯಿತು.

"ಯಶವಂತಪುರ..." ಎಂದು ಶುರುಮಾಡಿ, ಅಡ್ಡರಸ್ತೆ, ಕಟ್ಟಡದ ಬಣ್ಣ ಹೇಳಿದ. ದನಿ ತಗ್ಗಿತು. "ನಂಟ್ರ ಮನೆ ಅಲ್ಲ ಅದು. ಮನೆಕೆಲ್ಸಕ್ಕೆ ಹುಡ್ಗೀರ್ನ ಕಳ್ಸೋ ಏಜೆನ್ಸಿ. ಅಲ್ಲಿಂದ ಎಲ್ಲಿಗೆ ಕಳ್ಸಿದ್ರೋ ದೇವ್ರಾಣೆ ನಂಗೊತ್ತಿಲ್ಲ."

ಫೋನಿನ ದನಿ ಗಡುಸಾಯಿತು. "ಅಮ್ಮಾ, ಈಗಲೇ ಅಲ್ಲಿಗೆ ಜನ ಕಳಿಸ್ತೀವಿ. ನಾನೇ ಫೋನ್ ಮಾಡ್ತೀನಿ. ಲೈನ್ ಖಾಲಿ ಇಟ್ಕೊಳ್ಳಿ."

ಕರೆ ಕಟ್ಟಾಯಿತು.

"ಯೋಳಾಯ್ತಲ್ಲ! ಇನ್ನ ಹುಳ ಬುಡ್ರೇ! ಮಾತ್ ಕೊಟ್ಟಿದ್ದೆ ನೀನು!"

ಚಿಕ್ಕಲಕ್ಷ್ಮಮ್ಮ ಮಾರಕ್ಕನ ಮುಖ ನೋಡಿದಳು. ಮಾರಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ, ಎದುರಿಗಿದ್ದ ತಟ್ಟೆಯ ನಡುವೆ, ಹುಳಗಳ ಮಧ್ಯೆ ಇಟ್ಟಳು.

"ನೀನೂ ಕೊಟ್ಟಿದ್ದೆ. ನಂಟ್ರ ಮನೆ ಅಂದಿದ್ದೆ, ಇಸ್ಕೂಲು ಅಂದಿದ್ದೆ. ನೀ ಉಳುಸ್ಕೊಂಡಂಗೇ ನಾನೂ ಉಳುಸ್ಕತೀನಿ. ಕೂಸಿನ್ ದನಿ ಬರ್ಲಿ."

ಕೈ ಮಡಿಲಲ್ಲೇ ಇತ್ತು. ಹೊರಗೆ ಮಂಜು ಎದ್ದು ಬಿಸಿಲು ಬಿದ್ದಿತ್ತು. ಲೋಕೇಶ ಹೊರಗೋಡಿ ಯಾರು ಯಾರಿಗೋ ಫೋನು ಮಾಡಿ ಕೂಗಾಡುತ್ತಿದ್ದ. ಒಳಗೆ, ಆಸರೆ ಹುಡುಕಿ ಹುಡುಕಿ ಸೋತ ಹುಳವೊಂದು ಮಾರಕ್ಕನ ಫೋನು ಹತ್ತಿತು. ಗುಂಡಿಗಳ ಮೇಲೆ ನಿಂತು, ತಲೆಯನ್ನು ಅತ್ತಿಂದಿತ್ತ ಆಡಿಸುತ್ತ, ಅಂಚಿನಿಂದ ಅಂಚಿಗೆ ಎಳೆ ಕಟ್ಟತೊಡಗಿತು.

ಯಾರೂ ಅದನ್ನು ಎತ್ತಲಿಲ್ಲ. ಫೋನು ಇನ್ನೂ ಸದ್ದು ಮಾಡಿರಲಿಲ್ಲ.