ಮಡಿ ಅಂದುಕೊಂಡಿದ್ದೆ

ನಮ್ಮ ಮನೆಯ ಹಿತ್ತಲಲ್ಲಿ ಒಂದು ನಲ್ಲಿ ಇದೆ. ನನ್ನ ಹೆಂಡತಿ ಕಾತ್ಯಾಯಿನಿಗೆ ಮಾತ್ರ ಇರಲಿ ಅಂತ ನಾನೇ ಮುಂದೆ ನಿಂತು ಹಾಕಿಸಿದ್ದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಜಯನಗರದ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬರುವವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

"ನಮ್ಮನೆಯವಳ ಮಡಿ ಅಂದ್ರೆ ಮಡಿ ಸಾರ್! ಈ ಕಾಲದಲ್ಲಿ ಎಲ್ಲಿದೆ ಹೇಳಿ?"

ಈಗ ಆ ನಲ್ಲಿ ಕಂಡರೆ ನನಗೆ ನಾಚಿಕೆಯಾಗುತ್ತದೆ.

ನನ್ನ ಹೆಸರು ಅನಂತರಾಮು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು. ಮನೆಯಲ್ಲಿ ನಾವಿಬ್ಬರೇ. ಕಾತ್ಯಾಯಿನಿ ಮೊದಲಿನಿಂದಲೂ ಮಡಿ, ಶುದ್ಧ ಅನ್ನುವವಳು. ಆದರೆ ಹನ್ನೊಂದು ವರ್ಷದಿಂದ ಅದು ಏರುತ್ತಾ ಹೋಯಿತು. ಹಾಲಿನ ಪ್ಯಾಕೆಟ್ ಮುಟ್ಟಿದರೆ ಕೈ ತೊಳೆಯಬೇಕು. ತೊಳೆದ ಮೇಲೆ ನಲ್ಲಿಯನ್ನು ತೊಳೆಯಬೇಕು. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ. ಪ್ರತಿ ಸಲವೂ ಹಿತ್ತಲಿಂದ ಕೂಗುತ್ತಿದ್ದಳು: "ರೀ, ಆಯ್ತಾ?"

ನಾನು ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದೆ: "ಆಯ್ತು ಕಣೇ, ಬಾ."

ಅವಳ ಅಂಗೈ ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ನಾನು ಕೊಬ್ಬರಿ ಎಣ್ಣೆ ತಂದುಕೊಟ್ಟೆ, ಅಷ್ಟೆ.

ನಮ್ಮ ಒಬ್ಬಳೇ ಮಗಳು ಶರ್ವಾಣಿ ಪ್ರೀತಿಸಿ ಮದುವೆಯಾದದ್ದು ಕೊಪ್ಪಳದ ಕಡೆಯ ಸಿದ್ದಾರೂಢನನ್ನು. ಬೇರೆ ಜಾತಿ. ನಾವು ಒಪ್ಪಿಯೇ ಮದುವೆ ಮಾಡಿದ್ದೆವು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಇಬ್ಬರಿಗೂ ಕೆಲಸ. ಕಳೆದ ವರ್ಷ ಅವರಿಗೆ ಹೆಣ್ಣು ಮಗುವಾಯಿತು. ತನ್ಮಯಿ ಅಂತ ಹೆಸರು.

ನಾಮಕರಣದ ದಿನ ಬಿಟಿಎಂ ಮನೆಯಲ್ಲಿ ಎಲ್ಲರೂ ಮಗುವನ್ನು ಎತ್ತಿಕೊಂಡರು. ಕಾತ್ಯಾಯಿನಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಶರ್ವಾಣಿ ಮಗುವನ್ನು ಮುಂದೆ ಹಿಡಿದಳು. ಕಾತ್ಯಾಯಿನಿ ಹಿಂದೆ ಸರಿದಳು.

"ನನ್ನ ಮಗು ಮೈಲಿಗೆನಾ ಅಮ್ಮಾ?" ಅಂತ ಶರ್ವಾಣಿ ಎಲ್ಲರ ಮುಂದೆ ಕೇಳಿಬಿಟ್ಟಳು.

ಆಗ ನಾನೇನು ಹೇಳಿದೆ ಗೊತ್ತೇ? "ನಿಮ್ಮಮ್ಮನ ಮಡಿ ನಿಂಗೆ ಗೊತ್ತಲ್ಲ ಪುಟ್ಟಿ, ಬೇಜಾರು ಮಾಡ್ಕೋಬೇಡ" ಅಂದೆ. ಬೀಗರೆಲ್ಲ ತಲೆ ತಗ್ಗಿಸಿದರು. ಅವರ ಮನೆಯಲ್ಲೇ ನಿಂತು ಅವರಿಗೆ ಅವಮಾನ ಮಾಡಿದ್ದೆ. ಅದು ಕೂಡ ನನಗೆ ಆಗ ಹೊಳೆಯಲಿಲ್ಲ.

ಮಾರನೆಯ ದಿನ ಶರ್ವಾಣಿ ಫೋನ್ ಮಾಡಿದಳು. "ಅಪ್ಪಾ, ಅಮ್ಮ ನನ್ನ ಮಗೂನ ಎತ್ಕೊಳ್ಳೋ ದಿನ ಬನ್ನಿ. ಅಲ್ಲೀವರೆಗೂ ಬರ್ಬೇಡಿ" ಅಂದಳು. ಕಾತ್ಯಾಯಿನಿ ಅದನ್ನು ಕೇಳಿಸಿಕೊಂಡಳು. ಎದ್ದು ಹಿತ್ತಲಿಗೆ ಹೋದಳು. ನಲ್ಲಿಯ ಸದ್ದು ಒಂದು ಗಂಟೆ ನಿಲ್ಲಲಿಲ್ಲ.

ಒಂದು ವಾರದ ನಂತರ ಸಿದ್ದಾರೂಢನ ಅಕ್ಕ ಮಧುಮತಿ ಬಂದರು. ನಾವು ಮಗುವಿಗೆ ಕೊಟ್ಟಿದ್ದ ಬೆಳ್ಳಿ ಬಟ್ಟಲನ್ನು ಶರ್ವಾಣಿ ಅವರ ಕೈಯಲ್ಲಿ ವಾಪಸು ಕಳಿಸಿದ್ದಳು. ಮಧುಮತಿ ಮನೋರೋಗಿಗಳ ಆಸ್ಪತ್ರೆಯಲ್ಲಿ ನರ್ಸ್. ಕೋಪ ಮಾಡಿಕೊಂಡೇ ಬಂದಿರುತ್ತಾರೆ ಅಂತ ನಾನು ಹೆದರಿದ್ದೆ. ಅವರು ಬಟ್ಟಲನ್ನು ಟೀಪಾಯಿ ಮೇಲಿಟ್ಟು ಕಾತ್ಯಾಯಿನಿಯ ಕೈಗಳನ್ನೇ ನೋಡಿದರು.

"ಅಮ್ಮಾರ, ಈ ಕೈ ಎಷ್ಟ್ ಉರೀತಿರಬೇಕ್ರಿ ನಿಮಗ?"

ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮಡಿ ಅಂದ್ಮೇಲೆ ಇವೆಲ್ಲ ಇದ್ದಿದ್ದೇ ಅಲ್ವೇನಮ್ಮಾ" ಅಂತ ನಾನು ನಡುವೆ ಬಾಯಿ ಹಾಕಿದೆ.

"ನಮ್ಮವ್ವಾನೂ ಪೂಜಿ ಮಾಡ್ತಾಳ್ರಿ ಸರ್. ಮಾಡಿದ ಮ್ಯಾಲೆ ಸಮಾಧಾನದಿಂದ ಕುಂತು ಚಾ ಕುಡೀತಾಳ. ಅಮ್ಮಾರ, ತೊಳ್ಕೊಂಡ ಮ್ಯಾಲೆ ನಿಮಗ ಸಮಾಧಾನ ಆಗ್ತೈತೇನ್ರಿ?"

ಕಾತ್ಯಾಯಿನಿ ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಅಳಲು ಶುರು ಮಾಡಿದಳು. ಅಳುತ್ತಲೇ ಹೇಳಿದಳು.

"ಕೆಟ್ಟ ಕೆಟ್ಟ ಯೋಚನೆ ಬರತ್ತಮ್ಮಾ. ದೇವರ ಮುಂದೆ ಕೂತ್ರೆ ಬಾಯಲ್ಲಿ ಹೇಳಬಾರದ್ದು ತಲೇಲಿ ಬರತ್ತೆ. ಈಗ ಮಗು ಹುಟ್ಟಿದ ಮೇಲೆ... ಈಳಿಗೆ ಮಣೆ ಕಂಡ್ರೆ, ಈ ಕೈಯಿಂದ ಮಗೂಗೆ ಏನಾದ್ರೂ ಮಾಡ್ಬಿಡ್ತೀನೇನೋ ಅನ್ಸತ್ತೆ. ನಾನು ರಾಕ್ಷಸಿ. ಅದಕ್ಕೇ ಎತ್ಕೊಳ್ಳಲ್ಲ. ಜಾತಿಗಲ್ಲ, ಖಂಡಿತ ಜಾತಿಗಲ್ಲ."

ನಾನು ಕುಳಿತಲ್ಲೇ ಕುಗ್ಗಿ ಹೋದೆ. ಮಗು ಹುಟ್ಟಿದಾಗಿನಿಂದ "ನೀವೇ ತರಕಾರಿ ಹೆಚ್ಚಿಕೊಡಿ" ಅನ್ನುತ್ತಿದ್ದಳು. ಕೈ ಉರಿಗೆ ಇರಬೇಕು ಅಂದುಕೊಂಡಿದ್ದೆ.

ಮಧುಮತಿ ಹೆದರಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. "ಇದಕ್ಕ ಗೀಳು ಕಾಯಿಲೆ ಅಂತಾರ್ರಿ. ಡಾಕ್ಟ್ರು ಓಸಿಡಿ ಅಂತಾರ. ಬ್ಯಾಡಾದ ವಿಚಾರ ಎಲ್ಲಾರ ತಲ್ಯಾಗೂ ಬರ್ತಾವು, ಹೋಗ್ತಾವು. ಈ ಕಾಯಿಲೆ ಇದ್ದವರ ತಲ್ಯಾಗ ಅದು ಹೋಗಂಗಿಲ್ಲ, ಅಲ್ಲೇ ಕುಂದರ್ತೈತಿ. ಹೆದರಿಕಿ ಕಳೀಲಿ ಅಂತ ಕೈ ತೊಳೀತಾರ. ಒಂದ್ ಗಳಿಗಿ ಹಗುರ ಆಗ್ತೈತಿ, ಮತ್ತ ಬರ್ತೈತಿ."

"ಅಲ್ಲಮ್ಮಾ, ಯೋಚನೆ ತಲೇಲಿ, ತೊಳಿಯೋದು ಕೈನಾ? ಒಂದಕ್ಕೊಂದು ಸಂಬಂಧ ಬೇಡ್ವಾ?" ಅಂದೆ.

"ಹಿಂದಿನ ಕಾಲದಾಗ ಮನಸ್ಸಿನ ಡಾಕ್ಟ್ರು ಒಂದು ವಿಚಾರ ಹೇಳಿದ್ರು ಸರ್. ಮನಸ್ಸಿನ್ಯಾಗ ನಮಗ ಕಾಣೋದು ಸ್ವಲ್ಪ. ಕಾಣದ ಒಳಮನಸ್ಸು ಭಾಳ. ನಾಚಿಕಿ ಆಗೋದನ್ನ, ಒಪ್ಪಾಕ ಆಗದ್ದನ್ನ ನಾವು ಅಲ್ಲಿ ತುರಕ್ತೀವಿ. ನೀವು ಅಟ್ಟದ ಮ್ಯಾಲೆ ಸಾಮಾನು ತುರಕಿದಂಗ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಮನಿಯಾಗೇ ಇರ್ತೈತಿ. ಅದು ಬ್ಯಾರೆ ವೇಷದಾಗ ಹೊರಗ ಬರ್ತೈತಿ ಅಂತ ಅವರು ಹೇಳಿದ್ರು."

ಕಾತ್ಯಾಯಿನಿ ಗಾಬರಿಯಾದಳು. "ಹಂಗಾದ್ರೆ ಒಳಗೊಳಗೇ ನಂಗೆ ಆ ಕೆಟ್ಟ ಆಸೆ ಇದೆ ಅಂತಾನಾ?"

"ಅಲ್ರಿ! ಹಂಗ ತಿಳ್ಕೋಬ್ಯಾಡ್ರಿ. ವಿಚಾರ ಬಂದ್ರ ಅದು ಆಸೆ ಅಲ್ಲ, ಮಾಡಿದ ಕೆಲಸ ಅಂತೂ ಅಲ್ಲವೇ ಅಲ್ಲ. ಯಾವುದು ನಿಮಗ ಭಾಳ ಮುಖ್ಯನೋ ಅದರ ಮ್ಯಾಲೇ ಈ ಹೆದರಿಕಿ ಬಂದು ಕುಂದರ್ತೈತಿ. ನಿಮಗ ದೇವ್ರು ಮುಖ್ಯ, ಮೊಮ್ಮಗಳು ಮುಖ್ಯ. ಹಿಂದಿನ ಡಾಕ್ಟ್ರು ಹೇಳಿದ ಆ ಮಾತು ಒಂದರಿಂದಲೇ ಎಲ್ಲಾ ತಿಳಿಯಂಗಿಲ್ಲ ಅಂತ ಈಗಿನ ಡಾಕ್ಟ್ರು ಹೇಳ್ತಾರ. ಮಿದುಳಿನ ಕೆಲಸಾನೂ ಇದರಾಗ ಐತಿ. ಚಲೋ ಔಷಧ ಅದಾವು, ತರಬೇತಿ ಐತಿ."

"ನಮ್ಮ ವಂಶದಲ್ಲಿ ಯಾರಿಗೂ ಹುಚ್ಚು ಇಲ್ಲಮ್ಮಾ. ಒಂದು ಶಾಂತಿ ಮಾಡಿಸ್ತೀನಿ" ಅಂತ ನಾನು ಇನ್ನೂ ಪಟ್ಟು ಬಿಡಲಿಲ್ಲ.

"ಮಾಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಜೋಡಿಗೆ ಡಾಕ್ಟ್ರ ಹತ್ರಾನೂ ಬರ್ರಿ. ಇದು ಹುಚ್ಚಲ್ಲ ಸರ್, ಕಾಯಿಲೆ. ಇನ್ನೊಂದು ಕೇಳ್ತೀನಿ. ಈ ಕಾಯಿಲೆ ಇದ್ದವರು ಮನಿಯವರನ್ನ 'ಆಯ್ತಾ' ಅಂತ ಕೇಳ್ತಿರ್ತಾರ. ಅಮ್ಮಾರು ಕೇಳಿದಾಗ ನೀವು 'ಆಯ್ತು' ಅಂತ ದಿನಕ್ಕ ಎಷ್ಟ್ ಸಲ ಅಂತೀರಿ?"

ನಾನು ಲೆಕ್ಕ ಇಟ್ಟಿರಲಿಲ್ಲ. ನಲವತ್ತಂತೂ ಇರಬೇಕು.

"ನಿಮ್ಮ ಆ ಮಾತಿನಿಂದ ಅವರಿಗೆ ಐದು ನಿಮಿಷ ಸಮಾಧಾನ. ಕಾಯಿಲೆಗೆ ಮಾತ್ರ ಹೊಟ್ಟಿ ತುಂಬ ಊಟ."

ನಲ್ಲಿ ಹಾಕಿಸಿದವನು ನಾನು. ದಿನಕ್ಕೆ ನಲವತ್ತು ಸಲ ಕಾಯಿಲೆಗೆ ಊಟ ಬಡಿಸಿದವನೂ ನಾನೇ. ಹೆಂಡತಿಗೆ ಕಾಯಿಲೆ ಅನ್ನುವುದಕ್ಕಿಂತ ಮಡಿ ಅನ್ನುವುದು ನನಗೆ ಗೌರವವಾಗಿ ಕಂಡಿತ್ತು. ನಿಜ ಹೇಳಬೇಕೆಂದರೆ ಅಷ್ಟೇ ವಿಷಯ.

ಆಸ್ಪತ್ರೆಗೆ ಹೊರಟ ದಿನವೂ ನನ್ನ ಬುದ್ಧಿ ನೆಟ್ಟಗಾಗಿರಲಿಲ್ಲ. ಬೀದಿಯವರಿಗೆ ಗೊತ್ತಾಗಬಾರದು ಅಂತ ನಾನು ಜರಿ ಪಂಚೆ, ಶಲ್ಯ ಹಾಕಿಕೊಂಡೆ. ಕಾತ್ಯಾಯಿನಿಗೆ ರೇಷ್ಮೆ ಸೀರೆ ಉಡಿಸಿದೆ. ಪಕ್ಕದ ಮನೆಯವರು ಕೇಳಿದ್ದಕ್ಕೆ "ವಿಲ್ಸನ್ ಗಾರ್ಡನ್ನಲ್ಲಿ ಮದುವೆ" ಅಂದೆ. ಮನೋರೋಗ ವಿಭಾಗದ ಸಾಲಿನಲ್ಲಿ ಮದುವೆ ದಿರಿಸಿನಲ್ಲಿ ಕುಳಿತವರು ನಾವಿಬ್ಬರೇ. ಮುಂದಿನ ಬೆಂಚಿನಿಂದ ಒಬ್ಬರು ತಿರುಗಿದರು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ದಾಸಪ್ಪ!

"ಏನ್ ಸಾರ್, ಮದುವೆ ಮನೆಯಿಂದ ಸೀದಾ ಇಲ್ಗೇ ಬಂದ್ರಾ?" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಕೈಯಲ್ಲಿದ್ದ ಫೈಲು ತೋರಿಸಿದ. "ನಮ್ಮನೆಯವ್ಳದು ಸಾರ್. ಆರು ವರ್ಷದಿಂದ ತಿಂಗ್ಳು ತಿಂಗ್ಳು ಬರ್ತೀವಿ. ಈಗ ಚೆನ್ನಾಗವ್ಳೆ. ನಮ್ ಬೀದೀಲಿ ಎಲ್ರಿಗೂ ಹೇಳಿದೀನಲ್ಲ, ನಿಮ್ಗೆ ಯಾರೂ ಹೇಳ್ಲಿಲ್ವಾ?"

ಡಾಕ್ಟರು ಮಾತ್ರೆ ಬರೆದರು. ವಾರಕ್ಕೊಮ್ಮೆ ತರಬೇತಿ. ಹೊಸಿಲು ಮುಟ್ಟಿ ಐದು ನಿಮಿಷ ಕೈ ತೊಳೆಯದೆ ಕೂರಬೇಕು. ಆಮೇಲೆ ಹತ್ತು. ಆಮೇಲೆ ಅರ್ಧ ಗಂಟೆ. ಈಳಿಗೆ ಮಣೆಯ ಮುಂದೆಯೂ ಹಾಗೇ ಕೂರಿಸಿದರು. ನನಗೂ ಒಂದು ಪಾಠ: "ಆಯ್ತಾ" ಅಂದರೆ ಉತ್ತರ ಕೊಡಬಾರದು. ಕಾತ್ಯಾಯಿನಿ ಬೆವರುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು. ಎರಡು ಸಲ ನಾನು ಸೋತು "ಆಯ್ತು" ಅಂದುಬಿಟ್ಟೆ.

ಮಗಳಿಗೆ ನಾನೇ ಹೋಗಿ ಹೇಳಿದೆ. ಅಳಿಯನ ಮುಂದೆ, ಮಧುಮತಿಯ ಮುಂದೆ ಹೇಳಿದೆ. "ತಪ್ಪು ನಿಮ್ಮಮ್ಮಂದಲ್ಲ ಪುಟ್ಟಿ. ಅವಳ ಕಾಯಿಲೆಗೆ ನಾನು ಮಡಿ ಅಂತ ಹೆಸರಿಟ್ಟೆ. ನಿಮ್ಮೆಲ್ಲರಿಗೂ ಅವಮಾನ ಮಾಡ್ದೆ." ಶರ್ವಾಣಿ ಮಗುವನ್ನು ಸಿದ್ದಾರೂಢನ ಕೈಗೆ ಕೊಟ್ಟು ನನ್ನ ಹತ್ತಿರ ಬಂದು ಕುಳಿತಳು. ಆಮೇಲೆ ಕೇಳಿದಳು: "ಅಮ್ಮನ ಕೈ ಈಗ ಹೇಗಿದೆ ಅಪ್ಪಾ?"

ಮೊನ್ನೆ ತನ್ಮಯಿಗೆ ಒಂದು ವರ್ಷ ತುಂಬಿತು. ನಾವು ಬಿಟಿಎಂಗೆ ಹೋದೆವು. ಶರ್ವಾಣಿ ಮಗುವನ್ನು ಅಮ್ಮನ ಮಡಿಲಿಗೆ ಹಾಕಿದಳು. ಮಗು ಪಾಯಸದ ಕೈಯಿಂದ ಅಜ್ಜಿಯ ಕೆನ್ನೆ, ಕೈ, ಸೀರೆ ಎಲ್ಲಾ ಮೆತ್ತಿತು. ಕಾತ್ಯಾಯಿನಿಯ ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿದಳು.

"ರೀ..."

ನಾನು ಉತ್ತರ ಕೊಡಲಿಲ್ಲ. ಹತ್ತಿರ ಹೋಗಿ ಕುಳಿತು ಅವಳ ಅಂಟು ಕೈ ಹಿಡಿದುಕೊಂಡೆ. ಕಾತ್ಯಾಯಿನಿ ಏಳಲಿಲ್ಲ. ಇನ್ನೊಂದು ಕೈಯಿಂದ ಮಗುವನ್ನು ಎದೆಗೆ ಒತ್ತಿಕೊಂಡಳು.

ಕಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ನಡೆಯುತ್ತಿದೆ. ಹಿತ್ತಲ ನಲ್ಲಿಯಲ್ಲಿ ಈಗ ಗಿಡಕ್ಕೆ ನೀರು ಹಿಡಿಯುತ್ತೇವೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮತ್ತೆ ಮತ್ತೆ ತೊಳೆಯುತ್ತಿದ್ದಾರೆಯೇ? ಬೀಗ ಹಾಕಿದೆಯೋ ಇಲ್ಲವೋ ಅಂತ ಹತ್ತು ಸಲ ಎದ್ದು ಹೋಗುತ್ತಾರೆಯೇ? ಹೊಗಳಬೇಡಿ, ಗೇಲಿ ಮಾಡಬೇಡಿ. ಏನು ಹೆದರಿಕೆ ಅಂತ ಕೇಳಿ. ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಹೋಗುವಾಗ ರೇಷ್ಮೆ ಸೀರೆ ಬೇಕಾಗಿಲ್ಲ.

ಮೊದಲು ಅವರ ಕೈ ಹಿಡಿದು ನೋಡಿ. ನಾನು ಹಿಡಿಯುವ ಹೊತ್ತಿಗೆ ಹನ್ನೊಂದು ವರ್ಷ ಆಗಿಹೋಗಿತ್ತು.