ಕ್ಯಾರಿಯರ್ ಮೇಲಿನ ಜಾಗ

ಸೈಕಲ್ಲಿನ ಚೈನಿಗೆ ಸಿಕ್ಕಿಕೊಂಡಿದ್ದ ಒಂದು ಗೇಣು ನೂಲು ಚೌಡವ್ವನ ಊಟ, ನಿದ್ದೆ ಎರಡನ್ನೂ ಕೆಡಿಸಿತು.

ಬೇರೆ ಯಾರ ಕಣ್ಣಿಗೆ ಬಿದ್ದಿದ್ದರೂ ಅದು ಬರೀ ನೂಲು. ಕಿತ್ತು ಎಸೆದು, ಕೈ ಒರೆಸಿಕೊಂಡು ಹೋಗುತ್ತಿದ್ದರು. ಆದರೆ ಚೌಡವ್ವ ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಬೆಟಗೇರಿಯ ನೇಕಾರರ ಮನೆಗೇ ಸೊಸೆಯಾಗಿ ಬಂದವಳು. ಮಸಿ ಮೆತ್ತಿಕೊಂಡ ಆ ಎಳೆಯನ್ನು ಉಗುರಿನಿಂದ ಕೆರೆದು ನೋಡಿದಳು. ದಾಳಿಂಬೆ ಬಣ್ಣ. ಶ್ರಾವಣದಲ್ಲಿ ಗಂಡ ಪಾಂಡಪ್ಪ ಮಗ್ಗಕ್ಕೆ ಏರಿಸಿ ನೇಯ್ದ ಹಾಸಿನ ನೂಲು, ಅನುಮಾನವೇ ಇಲ್ಲ. ಆ ಹಾಸಿನ ಸೀರೆಗಳೆಲ್ಲ ವ್ಯಾಪಾರಿಯ ಅಂಗಡಿಗೆ ಹೋಗಿದ್ದವು. ಅಂಚಿನ ದಡಿಯಲ್ಲಿ ತಪ್ಪು ಬಿದ್ದ ಒಂದು ಸೀರೆ ಮಾತ್ರ ಮನೆಗೆ ಹಿಂದಿರುಗಿತ್ತು. ಅದನ್ನು ಅತ್ತೆ ಯಮನವ್ವ, "ಸಾವಂತ್ರೆವ್ವಗ ಕೊಟ್ಟರಾತು ಬಿಡು, ಪಾಪ" ಎಂದು ತೆಗೆದಿಟ್ಟಿದ್ದಳು.

ಸಾವಂತ್ರೆವ್ವ! ಹೆಸರು ನೆನಪಾದದ್ದೇ ತಡ, ಚೌಡವ್ವನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಹಿಂದಿನ ಓಣಿಯ ಹೆಣ್ಣು. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದ ಗಂಡ ತಿರುಗಿ ಮುಖ ತೋರಿಸಿರಲಿಲ್ಲ. ಚೌಡವ್ವ ಬಾಣಂತಿಯಾಗಿ ಒಳಕೋಣೆ ಸೇರಿದಾಗ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಈ ಸಾವಂತ್ರೆವ್ವನನ್ನು ಕರೆಸಿದ್ದರು. ಪಾಂಡಪ್ಪ ಮಗ್ಗದಲ್ಲಿ, ಅವಳು ರಾಟೆಯ ಮುಂದೆ. ಚೌಡವ್ವನ ಮಣೆಯ ಮೇಲೆ ಕುಳಿತು, ಚೌಡವ್ವನ ರಾಟೆ ತಿರುಗಿಸುತ್ತ, ನಡುನಡುವೆ ನಗುತ್ತಿದ್ದಳು. ಅಲ್ಲ, ನೂಲು ಸುತ್ತುವುದರಲ್ಲಿ ನಗುವಂಥದ್ದು ಏನಿರುತ್ತದೆ ಹೇಳಿ? ಒಳಗೆ ಕಂಬಳಿ ಹೊದ್ದು ಮಲಗಿದವಳಿಗೆ ಆ ನಗೆ ಒಂದೊಂದೂ ಎಣಿಸಿಕೊಟ್ಟ ಹಾಗೆ ಕೇಳಿಸುತ್ತಿತ್ತು. ರಾಟೆ ಹೋಯಿತು, ಹೋಗಲಿ. ಈಗ ಸೈಕಲ್ಲೂ ಹೋಯಿತೇ?

ಆ ಸೈಕಲ್ಲಿನ ಬೆಲೆ ಏನೆಂದು ಗಂಡ ಹೆಂಡತಿ ಇಬ್ಬರಿಗೇ ಗೊತ್ತು. ಅವರ ಮನೆಯೆಂದರೆ ಪಡಸಾಲೆ, ಅದರ ತುಂಬ ಮಗ್ಗ, ಮಗ್ಗದ ಪಕ್ಕದಲ್ಲೇ ಅತ್ತೆಯ ಹಾಸಿಗೆ, ಒಂದು ಒಳಕೋಣೆ, ಒಂದು ಅಡುಗೆಮನೆ. ಹಗಲೆಲ್ಲ ಲಾಳಿಯ ಸದ್ದು, ಸದ್ದು ನಿಂತರೆ ಅತ್ತೆಯ ಕಿವಿ. ಹಿರಿಯರೆದುರು ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವ ರೂಢಿ ಆ ಓಣಿಯಲ್ಲೇ ಇರಲಿಲ್ಲ. ಅಮಾವಾಸ್ಯೆಗೆ ಮಾತ್ರ ಮಗ್ಗಕ್ಕೆ ಬಿಡುವು. ಅಂದು ಬೆಳಿಗ್ಗೆ ಪಾಂಡಪ್ಪ ಸೈಕಲ್ಲು ತಳ್ಳಿಕೊಂಡು ಮುಂದೆ ಹೋಗುತ್ತಿದ್ದ. ಚೌಡವ್ವ ಕಾಯಿಪಲ್ಲೆಯ ನೆಪಕ್ಕೆ ಒಂದು ಬುಟ್ಟಿ ಹಿಡಿದು, ಸ್ವಲ್ಪ ಹಿಂದೆ, ಯಾರೋ ಏನೋ ಎಂಬಂತೆ ನಡೆಯುತ್ತಿದ್ದಳು. ಊರೊಳಗೆ ಡಬಲ್ ಸೀಟ್ ಹೋದರೆ ಪೊಲೀಸರು ಹಿಡಿದು ದಂಡ ಹಾಕುತ್ತಿದ್ದರು, ಜನ ಬಾಯಿಗೆ ಬಂದದ್ದು ಆಡಿಕೊಳ್ಳುತ್ತಿದ್ದರು. ಹೊಂಬಳದ ರಸ್ತೆಯ ಸುಂಕದ ನಾಕಾ ದಾಟಿದ ಮೇಲೆ ಅವಳು ಟಣ್ಣನೆ ಜಿಗಿದು ಕ್ಯಾರಿಯರ್ ಮೇಲೆ ಕೂರುತ್ತಿದ್ದಳು.

ಆಮೇಲೆ ಮಾತೋ ಮಾತು. ಮುಖ ನೋಡಿ ಆಡಲಾಗದ್ದನ್ನೆಲ್ಲ ಅವನ ಬೆನ್ನಿಗೆ ಹೇಳುತ್ತಿದ್ದಳು. ಅವನೂ ಅಷ್ಟೆ, ಮನೆಯಲ್ಲಿ ಹೂಂ ಉಹೂಂ ಅನ್ನುವವನು ಅಲ್ಲಿ ಪೆಡಲು ತುಳಿಯುತ್ತ ಹರಟುತ್ತಿದ್ದ. ಒಂದು ಅಮಾವಾಸ್ಯೆ, "ಏ ಚೌಡಿ, ನೀನೂ ಹೊಡಿ ನೋಡೂಣು" ಎಂದು ಹ್ಯಾಂಡಲ್ಲು ಅವಳ ಕೈಗೆ ಕೊಟ್ಟುಬಿಟ್ಟ. ಕಚ್ಚೆ ಬಿಗಿದು ಹತ್ತಿದಳು, ಬಿದ್ದಳು, ಮೊಣಕಾಲು ತರಚಿಕೊಂಡಳು, ಮತ್ತೆ ಹತ್ತಿದಳು. ಅವನು ಕ್ಯಾರಿಯರ್ ಹಿಡಿದು ಓಡಿ ಓಡಿ ಏದುಸಿರು ಬಿಟ್ಟ. ಕೊನೆಗೊಂದು ದಿನ ಅವಳೇ ಹೊಡೆದಳು, ಅವನು ಹಿಂದೆ ಕಾಲು ಇಳಿಬಿಟ್ಟು ಕುಳಿತು ಹತ್ತಿಯ ಹೊಲಗಳಿಗೆಲ್ಲ ಕೇಳುವಂತೆ ಸಿಳ್ಳೆ ಹಾಕಿದ. ಈ ವಿಷಯ ಮನೆಯಲ್ಲಿ ಯಾರಿಗೂ ತಿಳಿಯದು ಎಂದು ಇಬ್ಬರೂ ನಂಬಿದ್ದರು.

ಬಸಿರಾದಾಗ ಸೈಕಲ್ಲು ಬಿಟ್ಟಳು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ, ಬಾಣಂತನ ಎಲ್ಲ ಗಂಡನ ಮನೆಯಲ್ಲೇ ಆಯಿತು. ಅತ್ತೆ ಕುದಿಯುವ ನೀರು ಎರೆದಳು, ಕೊಬ್ಬರಿ ಕಾರ ತಿನ್ನಿಸಿದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಒಂದೇ ಕಟ್ಟಪ್ಪಣೆ ಮಾಡಿದ್ದಳು: "ಐದ ತಿಂಗಳ ತನಕ ಹೊರಗ ಅಡ್ಡಾಡೂದು ಗಿಡ್ಡಾಡೂದು ಏನೂ ಬ್ಯಾಡ. ನಡಾ ಬಿದ್ದ ಹೋಗತೈತಿ."

ಹಾಗೆ ಮನೆಯಲ್ಲೇ ಇದ್ದಾಗ ಮಹಾನವಮಿ ಅಮಾವಾಸ್ಯೆ ಬಂತು. ಅತ್ತೆ ಗುಡಿಗೆ ಎಣ್ಣೆ ಹಾಕಿ ಬರುತ್ತೇನೆಂದು ಹೋದಳು. ಪಾಂಡಪ್ಪ ಸುಮ್ಮನೆ ಗಾಳಿಗೆ ಹೋಗಿಬರುತ್ತೇನೆಂದು ಸೈಕಲ್ಲು ತೆಗೆದ. ಆ ಸಂಜೆಯೇ ಚೌಡವ್ವನಿಗೆ ನೂಲು ಸಿಕ್ಕಿದ್ದು.

"ಯಾರ ಕುಂತಿದ್ರು ಹಿಂದ?" ಅಡುಗೆಮನೆಯ ಬಾಗಿಲಲ್ಲಿ ಅವನನ್ನು ತಡೆದು ಪಿಸುಗುಟ್ಟಿದಳು.

"ಯಾರ ಕುಂಡರ್ತಾರ? ಯಾರೂ ಇಲ್ಲ." ಹೇಳುವಾಗ ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಸುಳ್ಳು ಹೇಳುವುದು ಅವನಿಗೆ ಎಂದೂ ಬರುತ್ತಿರಲಿಲ್ಲ.

ಉರಿಗೆ ಎಣ್ಣೆ ಸುರಿದವನು ಸೈಕಲ್ ಅಂಗಡಿಯ ಜಹಾಂಗೀರ. ಚೈನು ಬಿಗಿ ಮಾಡಿದ ಸೈಕಲ್ಲನ್ನು ಮನೆಗೆ ಮುಟ್ಟಿಸಲು ಬಂದವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ತಂಗೆವ್ವಾ, ಯಾರೋ ಹೊಸಬರು ಕುಂತಾರ ನೋಡು. ಚೈನಿನ ಕಡೆ ಕಾಲು ಇಳಿಬಿಟ್ಟಾರ, ಸೀರಿ ಹಲ್ಲಿಗೆ ಸಿಕ್ಕೈತಿ. ನೀ ಅಂತೂ ಹಂಗ ಕುಂಡರಾಕಿ ಅಲ್ಲ. ಅವರಿಗೆ ಹೇಳವಾ, ಬಿದ್ದಗಿದ್ದಾರು."

"ಹೇಳತೀನಿ, ಜಹಾಂಗೀರಣ್ಣ. ಚಲೋತ್ನಾಗಿ ಹೇಳತೀನಿ" ಎಂದಳು ಚೌಡವ್ವ. ಹೇಳಿದಳು ಕೂಡ. ಮರುದಿನ ಸಾವಂತ್ರೆವ್ವ ಬಂದು ಕೂರುತ್ತಿದ್ದಂತೆ ಅವಳ ಕಂಡಿಕೆಗಳನ್ನು ಬುಟ್ಟಿಯಿಂದ ಸುರುವಿ, ಇದು ಸಡಿಲು, ಇದು ಗಂಟು, ಇದೇನು ಕೆಲಸವೇ ಎಂದು ಜಾಡಿಸಿದಳು.

"ಅದಿರ್ಲಿ, ನಮ್ಮತ್ತಿ ಕೊಟ್ಟ ದಾಳಿಂಬರಿ ಸೀರಿ ಯಾಕ ಉಡವಲ್ಲಿ? ಹರದೈತೇನ?"

"ಯಾವ ಸೀರಿ? ನನಗ್ಯಾರ ಕೊಟ್ಟಾರವಾ ಸೀರಿ?" ಸಾವಂತ್ರೆವ್ವ ಕಣ್ಣು ಕಣ್ಣು ಬಿಟ್ಟಳು.

ಎಲಾ ಇವಳ! ಉಟ್ಟು ಮೆರೆದು, ಹರಿದುಕೊಂಡು, ಈಗ ಸೀರೆಯೇ ಇಲ್ಲವಂತೆ! "ನಾಳಿಂದ ನೀ ಬರೂದು ಬ್ಯಾಡ. ನನ್ನ ರಾಟಿ ನಾನ ತಿರುವತೀನಿ" ಎಂದಳು ಚೌಡವ್ವ. ಸಾವಂತ್ರೆವ್ವ ಕಣ್ಣೊರೆಸಿಕೊಳ್ಳುತ್ತ ಹೋದಳು. ಪಾಂಡಪ್ಪ ಲಾಳಿ ಹಿಡಿದವನು ಹಿಡಿದಂತೆಯೇ ಕುಳಿತ. ಅತ್ತೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಆ ತಿಂಗಳು ಊರಿಗೆ ಊರೇ ಏಕೀಕರಣದ ಮಾತಿನಲ್ಲಿ ಮುಳುಗಿತ್ತು. ಮುಂಬೈ ಸೀಮೆ, ನಿಜಾಮನ ಸೀಮೆ, ಮೈಸೂರು ಸೀಮೆ ಎಲ್ಲ ಒಂದಾಗುತ್ತವೆಯಂತೆ. ಚೌಡವ್ವನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು: ಮುಂದಿನ ಅಮಾವಾಸ್ಯೆಗೆ ಆ ಕ್ಯಾರಿಯರ್ ಮೇಲೆ ಯಾರು ಕೂರುತ್ತಾರೆ? ಗಂಡನ ಮಾತುಗಳು ಯಾರ ಕಿವಿಗೆ ಬೀಳುತ್ತವೆ? ಸೀರೆ ಹೋಗಲಿ, ಮಣೆ ಹೋಗಲಿ. ಆ ಬೆನ್ನು ತನ್ನದು. ಅದನ್ನು ಕಳೆದುಕೊಂಡರೆ ಆ ಮನೆಯಲ್ಲಿ ತಾನು ಬರೀ ಬೇಯಿಸುವವಳು.

ನವೆಂಬರ್ ಒಂದರಂದು ರಾಜ್ಯ ಕೂಡಿತು. ಬೆಟಗೇರಿಯ ಓಣಿಓಣಿಗೂ ತೋರಣ ಕಟ್ಟಿದರು. ಮರುದಿನವೇ ದೀಪಾವಳಿ ಅಮಾವಾಸ್ಯೆ. ಬೆಳಿಗ್ಗೆ ಚೌಡವ್ವ ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಾಗಲೇ ಅತ್ತೆ ಎಣ್ಣೆಯ ಗಿಂಡಿ ಹಿಡಿದು ಗುಡಿಗೆಂದು ಹೋದಳು. ಸ್ವಲ್ಪ ಹೊತ್ತಿಗೆ ಪಾಂಡಪ್ಪ ಸೈಕಲ್ಲು ತಳ್ಳಿಕೊಂಡು ಹೊರಟ. ಚೌಡವ್ವ ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಎಳೆಗೂಸನ್ನು ಅಮಾವಾಸ್ಯೆಯ ದಿನ ಹೊಸ್ತಿಲು ದಾಟಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ದಾಟಿಸಿದಳು.

ನಾಕಾದಾಚೆ ಹುಣಸೆಮರದ ಮರೆಯಲ್ಲಿ ನಿಂತು ಕಾದಳು. ಸಾವಂತ್ರೆವ್ವನ ಜಡೆ ಹಿಡಿದು ಹೇಗೆ ಎಳೆಯಬೇಕು, ಗಂಡನಿಗೆ ಮೊದಲ ಮಾತು ಏನು ಅನ್ನಬೇಕು, ಎಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಹೊಂಬಳದ ಕಡೆಯಿಂದ ಸೈಕಲ್ಲು ಬಂತು. ಹಿಂದೆ ದಾಳಿಂಬೆ ಬಣ್ಣದ ಸೀರೆ, ಚೈನಿನ ಕಡೆಗೇ ಇಳಿಬಿದ್ದ ಕಾಲು. ಕೂತಾಕೆ ಬಾಯಿ ತೆರೆದು ನಗುತ್ತಿದ್ದಳು. ಮುಂದಿನ ಎರಡು ಹಲ್ಲು ಇರಲಿಲ್ಲ.

ಅತ್ತೆ!

ಸಾವಂತ್ರೆವ್ವನಿಗೆಂದು ತೆಗೆದಿಟ್ಟ ಸೀರೆಯನ್ನು ತಾನೇ ಉಟ್ಟಿದ್ದಳು. ಯಮನವ್ವ ನಗುವುದನ್ನು ಚೌಡವ್ವ ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಈಗ ನೀವು ಕೇಳಬಹುದು, ಅನುಮಾನ ಹರಿಯಿತಲ್ಲ, ಹೊಟ್ಟೆ ತಣ್ಣಗಾಗಬೇಕಲ್ಲ ಎಂದು. ಎಲ್ಲಿಯ ತಣ್ಣಗೆ! ಉರಿ ಇಮ್ಮಡಿಯಾಯಿತು. ಸಾವಂತ್ರೆವ್ವನಾಗಿದ್ದರೆ ಜಡೆ ಹಿಡಿದು ಎಳೆಯಬಹುದಿತ್ತು. ಹೆತ್ತ ತಾಯಿಯನ್ನು ಮಗನ ಸೈಕಲ್ಲಿನಿಂದ ಇಳಿಸುವುದು ಹೇಗೆ? ಮನೆಯೂ ಅವಳದು, ಮಗನೂ ಅವಳವನು, ಇದೊಂದು ಮೊಳ ಜಾಗವೂ ಬೇಕಾಯಿತೇ? ಚೌಡವ್ವ ನೇರ ರಸ್ತೆಗೆ ಬಂದು ನಿಂತಳು.

ಪಾಂಡಪ್ಪ ಬ್ರೇಕು ಒತ್ತಿ ಕಾಲೂರಿದ. ಯಮನವ್ವನ ನಗೆ ಆರಿತು. ಆದರೆ ಸೋಲುವ ಹೆಣ್ಣೇ ಅವಳು? ಮೊದಲ ಏಟು ಅವಳದೇ.

"ಅಮಾಸಿ ದಿನ ಕೂಸಿನ ಹೊರಗ ತಂದೀಯೇನ, ಹುಚ್ಚಿ?"

"ನೀವು ಗುಡಿಗೆ ಹೋಗಿದ್ರೆಲ್ಲಾ ಅತ್ತಿ? ದೇವರು ಹೊಂಬಳದ ರಸ್ತಾದಾಗ ಬಂದ ಕುಂತಾನೇನ್ರಿ?"

ಪಾಂಡಪ್ಪ "ಏ, ಏ" ಅಂದ. ಇಬ್ಬರೂ ಅವನ ಕಡೆ ನೋಡಲಿಲ್ಲ.

ಯಮನವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ ಕ್ಯಾರಿಯರ್ ಬಿಟ್ಟು ಏಳದೆಯೇ ಹೇಳಿದಳು: "ಹೊಟ್ಟಿ ಉರೀತಿತ್ತವಾ ನನಗ. ಖರೇನ ಹೇಳತೀನಿ. ಅಮಾಸಿಗೊಮ್ಮಿ ಬುಟ್ಟಿ ಹಿಡಕೊಂಡ ಹೋಗ್ತಿದ್ರಿ, ಇಬ್ಬರ ಮಾರಿನೂ ಅರಳಿಸಿಕೊಂಡ ಬರ್ತಿದ್ರಿ. ಅಂಥಾದ್ದು ಏನೈತಿ ಇದರಾಗ, ನಾನೂ ಕುಂತ ನೋಡಬೇಕು ಅನಿಸ್ತು."

"ನಾವು ಕಾಯಿಪಲ್ಲೆಕ್ಕ..."

"ಆ ಬುಟ್ಟ್ಯಾಗ ಒಂದ ದಿನರೆ ಒಂದ ಬದನಿಕಾಯಿ ತಂದೀಯೇನ?"

ಚೌಡವ್ವನ ಬುಟ್ಟಿಯ ಗುಟ್ಟು ಬಯಲಾಯಿತು. ಆದರೂ ಬಿಡಲಿಲ್ಲ. "ನನ್ನ ಒಂದ ಮಾತ ಕೇಳಬೇಕಿತ್ತಿಲ್ರಿ. ನಾನ ಜಾಗಾ ಬಿಟ್ಟ ಕೊಡತಿದ್ನಿ."

"ಸುಳ್ಳ ಹೇಳಬ್ಯಾಡ."

ಸುಳ್ಳೇ. ಬಿಟ್ಟುಕೊಡುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಚೌಡವ್ವ ಗಂಡನ ಕಡೆ ತಿರುಗಿದಳು. "ಏನೇನ ಮಾತಾಡಿದ್ರಿ ಇಬ್ಬರೂ? ನನ್ನ ಸುದ್ದಿ ಏನ ಹೇಳಿದ್ರು?"

"ಏನಿಲ್ಲ" ಎಂದ ಪಾಂಡಪ್ಪ. ಕಿವಿ ಮತ್ತೆ ಕೆಂಪಾಯಿತು.

ಏನಿಲ್ಲವಂತೆ! ಆ ಒಂದು ಮಾತು ಚೌಡವ್ವನ ಎದೆಗೆ ಚುಚ್ಚಿತು. ಕೂಸನ್ನು ತೆಗೆದು ಅವನ ಎದೆಗೆ ಒತ್ತಿದಳು. "ಹಿಡೀರಿ." ಹ್ಯಾಂಡಲ್ಲು ಕಸಿದುಕೊಂಡಳು. "ಅತ್ತಿ, ಆ ಕಡಿ ಚೈನ ಐತಿ. ಈ ಕಡಿ ತಿರುಗಿ ಕುಂಡ್ರಿ. ನಾ ಹೊಡೀತೀನಿ."

"ಯವ್ವಾ! ನೀ ಹೊಡೀತೀ?"

ಅಂದರೆ ಇದೊಂದು ಮಾತ್ರ ಅತ್ತೆಗೆ ಗೊತ್ತಿರಲಿಲ್ಲ. ಪಾಂಡಪ್ಪ ಹೇಳಿರಲಿಲ್ಲ. ಚೌಡವ್ವನ ಹೊಟ್ಟೆಯ ಉರಿ ಒಂದಿಷ್ಟು ಇಳಿಯಿತು. ಕಚ್ಚೆ ಬಿಗಿದು ಏರಿದಳು. ಒಂದೆರಡು ಮಾರು ಸೈಕಲ್ಲು ಅತ್ತಿತ್ತ ಹೊಯ್ದಾಡಿತು. ಯಮನವ್ವ ಸೊಸೆಯ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಆಮೇಲೆ ಗಾಲಿ ಸರಿಯಾಗಿ ಓಡತೊಡಗಿತು. ಹುಣಸೆಮರ ಹಿಂದೆ ಬಿತ್ತು, ಅಳುವ ಕೂಸು, ಕೂಗುವ ಗಂಡ ಎಲ್ಲ ಹಿಂದೆ ಬಿದ್ದರು. ಎರಡೂ ಕಡೆ ಎಳೆ ಜೋಳ, ಹತ್ತಿ.

ಸೊಂಟ ತಬ್ಬಿದ್ದ ಅತ್ತೆಯ ಹಿಡಿತ ಮೆಲ್ಲಗೆ ಸಡಿಲಾಯಿತು. ಆಮೇಲೆ ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು. ಮನೆಯಲ್ಲಿ ಕೇಳುವ ದನಿ ಅದಲ್ಲ.

"ನನಗ ಬಾಣಂತನ ಯಾರೂ ಮಾಡಲಿಲ್ಲ, ಚೌಡವ್ವಾ. ಕೂಸಿಗೆ ಹೆಸರಿಟ್ಟ ಮರುದಿನಾನ ರಾಟಿ ಮುಂದ ಕುಂಡರಿಸಿದ್ರು. ನಿನಗ ನೀರ ಎರಿಯುವಾಗ, ಇಕಿಗೆ ಇಷ್ಟೆಲ್ಲಾ ಯಾಕ ಅಂತ ದಿನಾ ಅನಿಸೂದು. ಆದರೂ ಎರದೆ. ಐದ ತಿಂಗಳ ಹೊರಗ ಹೋಗಬ್ಯಾಡ ಅಂದೆನಲ್ಲಾ, ಅದೂ ಪೂರಾ ನಿನ್ನ ನಡಾದ ಸಲುವಾಗಿ ಅಲ್ಲ. ಅರ್ಧ ಈ ಕ್ಯಾರಿಯರ್ ಸಲುವಾಗಿ."

ಚೌಡವ್ವ ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತೆ ಮಾತು ನಿಲ್ಲಿಸುತ್ತಾಳೆಂದು ಅವಳಿಗೆ ಗೊತ್ತಿತ್ತು. ಬೆನ್ನಿಗೆ ಮಾತಾಡುವವರ ಕಷ್ಟ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಸಾವಂತ್ರೆವ್ವಗ ಸುಮ್ಮನ ಬೈದ ಕಳಿಸಿದಿ" ಎಂದಳು ಯಮನವ್ವ. "ಬಾಯಿ ಬಿಡಬೇಕಿತ್ತು ನಾ. ಬಿಟ್ಟರ ಈ ಜಾಗಾ ಹೋಗತಿತ್ತು."

ಚೌಡವ್ವ ಪೆಡಲು ತುಳಿಯುವುದನ್ನು ನಿಧಾನಿಸಿದಳು. ಪಾಪದ ಹೆಣ್ಣಿನ ಕೆಲಸ ಕಿತ್ತುಕೊಂಡವಳು ತಾನು. "ನಾಳೆ ನಾನ ಹೋಗಿ ಕರಕೊಂಡ ಬರತೀನ್ರಿ. ತಪ್ಪಾತು ಅಂತ ಹೇಳತೀನಿ."

"ಹೂಂ. ನಾನೂ ಬರತೀನಿ. ಮುಂದ ನೋಡು, ತಗ್ಗ ಐತಿ."

ಹಳ್ಳದ ಸೇತುವೆಯ ತನಕ ಹೋಗಿ ತಿರುಗಿದರು. ಇನ್ನೂ ಏನೇನೋ ಮಾತಾಡಿದರು. ಒಂದು ಕಡೆ ಇಬ್ಬರಿಗೂ ನಗೆ ತಡೆಯಲಾಗದೆ ಸೈಕಲ್ಲು ಜೋಳದ ಹೊಲಕ್ಕೆ ನುಗ್ಗುವುದರಲ್ಲಿತ್ತು.

ಹುಣಸೆಮರದ ಕೆಳಗೆ ಪಾಂಡಪ್ಪ ಅಳುವ ಕೂಸನ್ನು ಭುಜಕ್ಕೆ ಹಾಕಿಕೊಂಡು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆಯುತ್ತಿದ್ದ. ಇವರ ನಗೆ ಅವನಿಗೆ ದೂರದಿಂದಲೇ ಕೇಳಿಸಿತ್ತು. ಸೈಕಲ್ಲು ನಿಲ್ಲುವ ಮೊದಲೇ ಕೇಳಿದ:

"ಇಷ್ಟೊತ್ತ ಏನ ಮಾತಾಡಿದ್ರಿ?"

"ಏನಿಲ್ಲ" ಎಂದರು ಅತ್ತೆ ಸೊಸೆ, ಒಟ್ಟಿಗೇ.

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ನನ್ನ ಸುದ್ದಿ ಏನರೆ?" ಎಂದ. ಯಮನವ್ವ ಇಳಿದು, ಕೂಸನ್ನು ಇಸಿದುಕೊಂಡು, ಸೆರಗು ಕೊಡವಿ ನಾಕಾದ ಕಡೆ ನಡೆದಳು.

"ಮುಂದಿನ ಅಮಾಸಿಗರೆ ನಾವಿಬ್ಬರೂ ಹೋಗೂಣಲ್ಲಾ, ಚೌಡಿ?" ಪಾಂಡಪ್ಪ ದನಿ ತಗ್ಗಿಸಿ ಕೇಳಿದ. ಕಣ್ಣು ಮಾತ್ರ ಕ್ಯಾರಿಯರ್ ಮೇಲಿತ್ತು.

ಅವನ ಹೊಟ್ಟೆಯಲ್ಲಿ ಏನು ಉರಿಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ತಿಂಗಳು ಅದನ್ನು ಹೊತ್ತವಳು ಅವಳೇ.

"ಅತ್ತೀನ ಕೇಳಿ ಹೇಳತೀನ್ರಿ" ಎಂದು ಸೈಕಲ್ಲು ಅವನ ಕೈಗೆ ಕೊಟ್ಟು, ಯಮನವ್ವನ ಹಿಂದೆ ಬಿರಬಿರನೆ ಹೆಜ್ಜೆ ಹಾಕಿದಳು.